ಹಳೇ ಮದುವೆ ಡಿವಿಡಿಯನ್ನು ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಮದುವೆಯದ್ದೋ ನಾಮಕರಣದ್ದೋ ಹಳೇ ಡಿವಿಡಿ ಇದ್ದು, ಪ್ಲೇಯರ್‌ಗೆ ಹಾಕಿದರೆ ‘ನೋ ಡಿಸ್ಕ್’ ಅಂತ ಬರುತ್ತಿದ್ದರೆ, ದಯವಿಟ್ಟು ತಕ್ಷಣ ಅಂಗಡಿಗೆ ಓಡಬೇಡಿ. ನಮ್ಮ ಅಕ್ಕನ ಮದುವೆಯ ರಿಸೆಪ್ಷನ್ ಹೋಗಿದ್ದು ಹಾಗೇ. ಡಿಸ್ಕ್ ತಾನಾಗಿ ಹಾಳಾಗಿದ್ದಲ್ಲ, ರಿಪೇರಿ ಮಾಡುವವರು ಅಳಿಸಿದ್ದು.

ಕ್ಯಾಸೆಟ್‌ನಿಂದ ಬರ್ನ್ ಮಾಡಿಸಿದ ಎರಡು ಡಿಸ್ಕ್ ಇದ್ದವು. ಮದುವೆಯದ್ದು ಡಿವಿಡಿ-ಆರ್, ಅಂದರೆ ಒಮ್ಮೆ ಮಾತ್ರ ಬರೆಯಬಹುದಾದದ್ದು, ಮೇಲೆ ಜೋಡಿಯ ಫೋಟೊ ಇರುವ ಕಾಗದದ ಸ್ಟಿಕ್ಕರ್. ರಿಸೆಪ್ಷನ್‌ದು ಡಿವಿಡಿ-ಆರ್‌ಡಬ್ಲ್ಯು, ಅಂದರೆ ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕ್. ಮದುವೆ ವಿಡಿಯೊಗೆ ಇದನ್ನು ಯಾಕೆ ಕೊಟ್ಟರೋ, ದೇವರೇ ಬಲ್ಲ.

ಕೊಡಗಿನ ಮಳೆಗಾಲ ಗೊತ್ತಲ್ವಾ, ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತೆ. ಮಳೆ ಬಿಟ್ಟ ಮೇಲೆ ಮದುವೆಯ ಡಿಸ್ಕ್ ಹಾಕಿದೆವು. ಬಾಳೆ ಕಡಿಯುವುದು, ಮುಹೂರ್ತ, ಊಟ, ಎಲ್ಲ ಚೆನ್ನಾಗೇ ಬಂತು. ಗಂಗಾಪೂಜೆಯಲ್ಲಿ ನೀರು ಹೊತ್ತ ಮದುಮಗಳ ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರಲ್ಲ, ಅಲ್ಲಿಗೆ ಬಂದಾಗ ಚಿತ್ರ ಚೌಕಚೌಕವಾಗಿ ಒಡೆದು ನಿಂತೇ ಹೋಯಿತು. ರಿಸೆಪ್ಷನ್ ಡಿಸ್ಕನ್ನು ಪ್ಲೇಯರ್ ಗುರುತಿಸಲೇ ಇಲ್ಲ.

ಭಾವ ಎರಡನ್ನೂ ಪೇಟೆಯ ಒಂದು ಅಂಗಡಿಗೆ ಒಯ್ದರು, ನಾನೂ ಹೋಗಿದ್ದೆ. ಅಂಗಡಿ ಹೆಸರು ಬೇಡ. “ಫಂಗಸ್ ಸಾರ್, ಪಾಲಿಶ್ ಹೊಡೆದರೆ ಸರಿಹೋಗುತ್ತೆ” ಅಂದವರೇ ಮದುವೆಯ ಡಿಸ್ಕನ್ನು ಮೆಷಿನ್‌ಗೆ ಕೊಟ್ಟರು. ಅದರ ತಳದಲ್ಲಿ ಒಂದು ಗೀರೂ ಇರಲಿಲ್ಲ. ಹೊರಗೆ ಬಂದಾಗ ಬಳೆಯ ಹಾಗೆ ಸುತ್ತಲೂ ಸಣ್ಣ ಗೆರೆಗಳು! ಮಧ್ಯದಿಂದ ಅಂಚಿಗೆ ಬಿದ್ದ ಗೀರನ್ನು ಪ್ಲೇಯರ್ ಹೇಗೋ ದಾಟಿಕೊಳ್ಳುತ್ತೆ. ಸುತ್ತಲೂ ಬಿದ್ದ ಗೀರು ದತ್ತಾಂಶದ ಸಾಲಿನ ಜೊತೆಗೇ ಸಾಗುವುದರಿಂದ ತೊಂದರೆ ಜಾಸ್ತಿ.

ಡಿವಿಡಿ ಅಂದರೆ 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ಹಾಳೆಗಳನ್ನು ಅಂಟಿಸಿದ್ದು. ಬರೆದದ್ದು ಇರುವುದು ಆ ಎರಡರ ನಡುವೆ. ಪಾಲಿಶ್‌ನಿಂದ ತಳದ ಗೀರು ಹೋಗಬಹುದು, ಒಳಗಿನ ಬಣ್ಣದ ಪದರ ಮಾಸಿದ್ದರೆ ಪಾಲಿಶ್ ಹೊಡೆದು ಏನೂ ಪ್ರಯೋಜನವಿಲ್ಲ. ನಮ್ಮದರಲ್ಲಿ ಎರಡೂ ಅಲ್ಲ. ಸ್ಟಿಕ್ಕರ್ ತೇವ ಕುಡಿದು ಉಬ್ಬಿತ್ತು. ಡಿಸ್ಕನ್ನು ಗಾಜಿನ ಮೇಲಿಟ್ಟರೆ ಒಂದು ಬದಿ ಎದ್ದಿರುವುದು ಕಾಣುತ್ತಿತ್ತು. ಪ್ಲೇಯರ್ ಓದುವುದು ಒಳಗಿನಿಂದ ಹೊರಕ್ಕೆ. ಅಲುಗಾಟ ಜಾಸ್ತಿ ಇರುವುದು ಅಂಚಿನಲ್ಲಿ. ಅದಕ್ಕೇ ಮುಹೂರ್ತ ಬಂತು, ಗಂಗಾಪೂಜೆ ಬರಲಿಲ್ಲ.

ಆಮೇಲೆ ರಿಸೆಪ್ಷನ್ ಡಿಸ್ಕನ್ನು ಕಂಪ್ಯೂಟರ್‌ಗೆ ಹಾಕಿದರು. ವಿಂಡೋಸ್ ಅದನ್ನು ಖಾಲಿ ಡಿಸ್ಕ್ ಅಂದುಕೊಂಡು, ಪೆನ್‌ಡ್ರೈವ್ ತರಹ ಬಳಸಬೇಕಾ, ಪ್ಲೇಯರ್‌ಗೆ ಬೇಕಾ ಅಂತ ಕೇಳಿತು. ನಾವು ಬಾಯಿ ತೆರೆಯುವಷ್ಟರಲ್ಲಿ ಪುಣ್ಯಾತ್ಮ ಮೊದಲನೆಯದನ್ನು ಒತ್ತಿ ಮುಂದೆ ಹೋಗಿಬಿಟ್ಟರು. ಫಾರ್ಮ್ಯಾಟ್ ಆಯಿತು, ಅಂದರೆ ಇದ್ದದ್ದೆಲ್ಲ ಅಳಿಸಿಹೋಯಿತು. “ಇದರಲ್ಲಿ ಏನೂ ಇರಲಿಲ್ಲ ಸಾರ್” ಅಂತ ಬೇರೆ ಹೇಳಿದರು. ಪಾಲಿಶ್ ದುಡ್ಡನ್ನೂ ಬಿಡಲಿಲ್ಲ.

ಇತ್ತೋ ಇಲ್ಲವೋ ಅಂತ ಕಣ್ಣಲ್ಲೇ ನೋಡಬಹುದಿತ್ತು. ಡಿಸ್ಕಿನ ತಳವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಬರೆದಿರುವಷ್ಟು ಜಾಗ ಬೇರೆ ಛಾಯೆಯಲ್ಲಿ, ಒಳಗಿನಿಂದ ಶುರುವಾಗಿ ಅಗಲವಾದ ಉಂಗುರದಂತೆ ಕಾಣುತ್ತೆ. ಉಂಗುರ ಕಂಡರೆ ಯಾರು ‘ಖಾಲಿ’ ಅಂದರೂ ನಂಬಬೇಡಿ. ಆರ್‌ಡಬ್ಲ್ಯು ಡಿಸ್ಕ್ ಬೆಳಕನ್ನು ಕಮ್ಮಿ ಹಿಂತಿರುಗಿಸುತ್ತೆ: ಕಂಪನಿಯಿಂದ ಅಚ್ಚಾಗಿ ಬರುವ ಒಂದೇ ಪದರದ ಡಿಸ್ಕ್ ಶೇ. 45ರಿಂದ 85, ಇದು ಶೇ. 18ರಿಂದ 30. ಹಳೇ ಪ್ಲೇಯರ್‌ಗಳು ಇದನ್ನು ಗುರುತಿಸದೇ ಇರುವುದು ಮಾಮೂಲು.

ಅದಕ್ಕೇ ಮೊದಲು ಅಂಗಡಿಯಲ್ಲಿ ಕೊಂಡ ಯಾವುದಾದರೂ ಸಿನಿಮಾ ಡಿಸ್ಕ್ ಹಾಕಿ ನೋಡಿ. ಅದೂ ಓಡದಿದ್ದರೆ ಪ್ಲೇಯರ್‌ನ ಲೆನ್ಸ್ ಮಂಜಾಗಿರಬಹುದು, ನಮ್ಮ ಕಡೆ ಇದು ಅಪರೂಪವಲ್ಲ. ಓಡಿದರೆ ನಿಮ್ಮ ಡಿಸ್ಕನ್ನು ಬೇರೆ ಬೇರೆ ಕಂಪ್ಯೂಟರ್ ಡ್ರೈವ್‌ಗಳಲ್ಲಿ ಹಾಕಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದಬಹುದು. ಫಾರ್ಮ್ಯಾಟ್ ಅಂತ ಏನೇ ಕೇಳಿದರೂ ರದ್ದು ಮಾಡಿ. ಸ್ಟಿಕ್ಕರ್ ಕೀಳಲು ಹೋಗಬೇಡಿ. ಸಿಡಿಯಾಗಿದ್ದರಂತೂ ಹೊಳೆಯುವ ಪದರವೇ ಕಾಗದದ ಜೊತೆ ಎದ್ದು ಬರುತ್ತೆ.

ಬರ್ನ್ ಮಾಡಿದ ಯಂತ್ರದಲ್ಲಿ ಮಾತ್ರ ಓಡಿ ಬೇರೆಲ್ಲೂ ಓಡದಿದ್ದರೆ, ಫೈನಲೈಸ್ (ಬೇರೆ ಪ್ಲೇಯರ್‌ಗಳೂ ಓದುವಂತೆ ಕೊನೆಯಲ್ಲಿ ಡಿಸ್ಕನ್ನು ಮುಗಿಸುವ ಕೆಲಸ) ಮಾಡಿಲ್ಲ ಅಂತ ಅನುಮಾನಿಸಿ. ಅದೇ ಯಂತ್ರದಲ್ಲಿ ಮಾಡಿಸಿದರೆ ಮುಗಿಯಿತು. ಕಂಪ್ಯೂಟರ್‌ನಲ್ಲಿ ಓಡಿ ಟಿವಿ ಪ್ಲೇಯರ್‌ನಲ್ಲಿ ಓಡದಿದ್ದರೆ, ಬರೀ ವಿಡಿಯೊ ಫೈಲನ್ನು ಡೇಟಾದಂತೆ ಬರ್ನ್ ಮಾಡಿರಬಹುದು. ಪ್ಲೇಯರ್‌ಗೆ ‘ವಿಡಿಯೊ ಟಿಎಸ್’ (VIDEO_TS) ಫೋಲ್ಡರ್ ಇರುವ ಡಿಸ್ಕ್ ಬೇಕು.

ಮದುವೆಯ ಡಿಸ್ಕ್ ಮಾತ್ರ ಹೇಗೋ ಸಿಕ್ಕಿತು. ಮೈಸೂರಿನಲ್ಲಿರುವ ನನ್ನ ತಮ್ಮ ಅದನ್ನು ಹಳೇ ಡ್ರೈವ್ ಒಂದಕ್ಕೆ ಹಾಕಿ, ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್‌ನಲ್ಲಿ ‘ಡಿಡಿರೆಸ್ಕ್ಯೂ’ ಅನ್ನುವ ಉಚಿತ ತಂತ್ರಾಂಶದಿಂದ ನಕಲು ತೆಗೆದ. ಅದು ಕೆಟ್ಟ ಜಾಗಕ್ಕೆ ಬಂದು ನಿಲ್ಲುವುದಿಲ್ಲ, ದಾಟಿ ಹೋಗಿ ಉಳಿದದ್ದನ್ನೆಲ್ಲ ಎತ್ತಿಕೊಂಡು, ಆಮೇಲೆ ಬಿಟ್ಟದ್ದಕ್ಕೆ ವಾಪಸ್ ಬರುತ್ತೆ. ರಾತ್ರಿಯೆಲ್ಲಾ ಓಡಲು ಬಿಟ್ಟಿದ್ದ. ಗಂಗಾಪೂಜೆ ಅಲ್ಲಲ್ಲಿ ತುಂಡಾಗಿದೆ, ಆದರೆ ಇದೆ. ಈಗ ಅದರ ಫೈಲ್ ಒಂದು ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲಿದೆ.

ರಿಸೆಪ್ಷನ್‌ನ ಮೂಲ ಕ್ಯಾಸೆಟ್ ಕೇಳಿದ್ದಕ್ಕೆ, ಆಗಲೇ ಅದರ ಮೇಲೆ ಇನ್ನೊಂದು ಮದುವೆ ತೆಗೆದಿದ್ದೇವೆ ಅಂದರು ವಿಡಿಯೊದವರು. ಕ್ಯಾಸೆಟ್ ಈಗಲೂ ನಿಮ್ಮ ವಿಡಿಯೊದವರ ಹತ್ತಿರವೇ ಇದ್ದರೆ, ಈ ವಾರವೇ ಹೋಗಿ ತಗೊಂಡು ಬನ್ನಿ.