ವಿಪಲ್ ಕಾಯಿಲೆ: ಎರಡು ಚಿಕಿತ್ಸಾಕ್ರಮಗಳಲ್ಲಿ ಯಾವುದು?
1907ರಲ್ಲಿ ಜಾರ್ಜ್ ವಿಪಲ್ ವಿವರಿಸಿದ ಈ ಅಪರೂಪದ ಬ್ಯಾಕ್ಟೀರಿಯಾ ಸೋಂಕು ಕೀಲುನೋವಿನಿಂದ ಆರಂಭವಾಗಿ, ಭೇದಿಯೂ ತೂಕದ ಇಳಿಕೆಯೂ ವರ್ಷಗಳ ನಂತರ ಕಾಣಿಸಿಕೊಳ್ಳುವುದರಿಂದ, ಅಷ್ಟರಲ್ಲಿ ಸಂಧಿವಾತವೆಂದೇ ಔಷಧೋಪಚಾರ ನಡೆದುಹೋಗಿರುವುದುಂಟು. ಸಣ್ಣ ಕರುಳಿನಿಂದ ತೆಗೆದ ಚೂರಿಗೆ ಪಿಎಎಸ್ ಬಣ್ಣ ಹಾಕಿದಾಗ ಕೆನ್ನೇರಳೆ ಕಣಗಳು ತುಂಬಿದ ಜೀವಕೋಶಗಳು ಕಾಣುತ್ತವೆ. ಬ್ಯಾಕ್ಟೀರಿಯಾದ ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಕಾಯಿಲೆಯನ್ನು ದೃಢಪಡಿಸುತ್ತದೆ.

ರೂಢಿಯ ಕ್ರಮದಲ್ಲಿ ಎರಡು ವಾರ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಇಂಜೆಕ್ಷನ್, ಬಳಿಕ ಒಂದು ವರ್ಷ ಕೋ-ಟ್ರೈಮಾಕ್ಸಜೋಲ್ (ಟ್ರೈಮಿಥೊಪ್ರಿಮ್ ಮತ್ತು ಸಲ್ಫಾ ಔಷಧಗಳ ಮಿಶ್ರಣ) ಮಾತ್ರೆ. ಇವು ಮಿದುಳಿಗೂ ತಲುಪುತ್ತವೆ. ಆದರೆ ಟ್ರೈಮಿಥೊಪ್ರಿಮ್ ತಡೆಯಬೇಕಾದ ಕಿಣ್ವವೇ ಈ ಬ್ಯಾಕ್ಟೀರಿಯಾದಲ್ಲಿ ಇಲ್ಲದ್ದರಿಂದ, ಮಾತ್ರೆಯಲ್ಲಿ ದುಡಿಯುವುದು ಸಲ್ಫಾ ಅಂಶವೊಂದೇ. ಡಾಕ್ಸಿಸೈಕ್ಲಿನ್ ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುವ ಇನ್ನೊಂದು ಕ್ರಮವು, ಬ್ಯಾಕ್ಟೀರಿಯಾ ಅಡಗಿರುವ ಕೋಶದೊಳಗಿನ ಆಮ್ಲತೆಯನ್ನು ತಗ್ಗಿಸಿ ಕೊಲ್ಲುತ್ತದೆಯಾದರೂ, ಅಕ್ಷಿಪಟಲದ ತಪಾಸಣೆಯನ್ನು ಬೇಡುತ್ತದೆ. ಸಲ್ಫಾ ಅಲರ್ಜಿ ಇದ್ದವರಿಗೆ ಎರಡನೆಯದೇ ಸರಿ. ನರಮಂಡಲದ ಲಕ್ಷಣಗಳಿದ್ದರೆ ಸೆಫ್ಟ್ರಿಯಾಕ್ಸೋನ್ ಬಿಟ್ಟು ಆರಂಭಿಸುವುದು ನನಗೆ ಒಪ್ಪಿಗೆಯಿಲ್ಲ.