ವಚನದ ಟ್ರ್ಯಾಕಿಗೂ ಪಿಯಾನೋ ಅಭ್ಯಾಸಕ್ಕೂ ಒಂದೇ ಕೀಬೋರ್ಡ್: ರೋಲ್ಯಾಂಡ್ ಎಫ್‌ಪಿ-10

ಹಾರ್ಮೋನಿಯಂ ನುಡಿಸೋರು ಪಿಯಾನೋ ಮುಂದೆ ಕೂತರೆ ಮೊದಲು ಕೈಕೊಡೋದು ಕಿರುಬೆರಳು. ಪೆಟ್ಟಿಗೆಯಲ್ಲಿ ಜೋರು-ಮೆಲ್ಲ ಎಲ್ಲಾ ತಿದಿ ಒತ್ತೋ ಕೈಯದು, ಬೆರಳು ಸ್ವರ ಹಿಡಿದರೆ ಸಾಕು. ಪಿಯಾನೋದಲ್ಲಿ ಆ ಕೆಲಸವನ್ನೂ ಬೆರಳೇ ಮಾಡಬೇಕು. ಕೆ.ಬಿ.ಆರ್. ನಾಟಕ ಕಂಪನಿಯ ಊರು ನಮ್ಮದು, ದಾವಣಗೆರೆ. ಹಾರ್ಮೋನಿಯಂ ಬಗ್ಗೆ ಕೇಳಿದರೆ ಹತ್ತು ಜನ ಸಲಹೆ ಕೊಡ್ತಾರೆ. ತೂಕದ ಕೀ (ಪಿಯಾನೋದ ಹಾಗೆ ಒತ್ತೋಕೆ ಭಾರ ಅನಿಸೋ ಕೀ) ಇರೋ ಕೀಬೋರ್ಡ್ ಅಂದರೆ ಅಂಗಡಿಯವರೂ 61 ಕೀಗಳ ಹಗುರ ಮಾಲನ್ನೇ ತೋರಿಸಿದರು. ಕೊನೆಗೆ ಬೆಂಗಳೂರಿಗೇ ಹೋಗಿ ನುಡಿಸಿ ನೋಡಿದೆ.

ಎಂ.ಸಿ.ಸಿ. ‘ಬಿ’ ಬ್ಲಾಕಿನ ನಮ್ಮನೆ ಮಹಡಿಯಲ್ಲಿ ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡ್ತೀನಿ, ವಚನ ಹಾಡೋರಿಗೆ ಟ್ರ್ಯಾಕ್, ಅಂದರೆ ಹಾಡಿನ ಹಿಂದೆ ಬರೋ ವಾದ್ಯಸಂಗೀತ, ಮಾಡಿಕೊಡ್ತೀನಿ. ಪಿಯಾನೋ ಕಲಿಕೆ ನನ್ನ ಸ್ವಂತದ ಹುಚ್ಚು. ಎರಡಕ್ಕೂ ಒಂದೇ ವಸ್ತು ಬೇಕಿತ್ತು.

ರೆಕಾರ್ಡಿಂಗ್ ಅಂದ ಕೂಡಲೇ ಎಲ್ಲರೂ ಹೇಳೋದು ಮಿಡಿ ಕಂಟ್ರೋಲರ್, ಅಂದರೆ ಒತ್ತಿದ ಕೀಯ ಸಂಕೇತವನ್ನ ಕಂಪ್ಯೂಟರಿಗೆ ಕಳಿಸೋ ಕೀಬೋರ್ಡ್. ಎಂ-ಆಡಿಯೋದ ಹ್ಯಾಮರ್ 88, ಸ್ಟುಡಿಯೋಲಾಜಿಕ್‌ನ ಎಸ್‌ಎಲ್88 ಆ ಜಾತಿಯವು. 88 ಕೀ, ಒಳಗೆ ಹ್ಯಾಮರ್ ತೂಕ, ಆದರೆ ಸ್ವಂತ ದನಿ ಇಲ್ಲ. ನಾದವೆಲ್ಲ ಕಂಪ್ಯೂಟರಿಂದಲೇ ಬರಬೇಕು. ಟ್ರ್ಯಾಕ್ ಮಾಡೋಕೆ ಅದು ಸರಿಯೇ. ಅಭ್ಯಾಸಕ್ಕೆ ನನಗೆ ಒಗ್ಗಲ್ಲ. ಬೆಳಿಗ್ಗೆ ಆರಕ್ಕೆ ಲ್ಯಾಪ್‌ಟಾಪ್ ಎಬ್ಬಿಸಿ, ಸಾಫ್ಟ್‌ವೇರ್ ತೆರೆದು, ಪಿಯಾನೋ ಲೋಡ್ ಆಗೋ ಹೊತ್ತಿಗೆ ಹಾಲಿನವನು ಬೆಲ್ ಮಾಡಿರ್ತಾನೆ. ಅದಕ್ಕೇ ಯುಎಸ್‌ಬಿ ಇರೋ ಡಿಜಿಟಲ್ ಪಿಯಾನೋ ಕಡೆ ಹೊರಳಿದೆ. ಸ್ವಿಚ್ ಹಾಕಿದರೆ ಪಿಯಾನೋ, ಕೇಬಲ್ ಸಿಕ್ಕಿಸಿದರೆ ಕಂಟ್ರೋಲರ್.

ಯಮಹಾ ಪಿ-45 ಮತ್ತು ಎಫ್‌ಪಿ-10 ಎರಡನ್ನೂ ಒಂದೇ ಪಾಠದಲ್ಲಿ ಪರೀಕ್ಷೆ ಮಾಡಿದೆ: ಜಂಟಿ ವರಸೆ, ಮೂರನೇ ಕಾಲದಲ್ಲಿ (ಮೊದಲ ಕಾಲದ ನಾಲ್ಕು ಪಟ್ಟು ವೇಗ). ಸಸ ರಿರಿ ಗಗ ಅಂತ ಒಂದೇ ಕೀ ಎರಡೆರಡು ಸಲ ಬೀಳಬೇಕಲ್ಲ, ಅಲ್ಲೇ ಗುಟ್ಟು ರಟ್ಟಾಗೋದು. ಕೀ ಕೆಳಗಿರೋ ಸೆನ್ಸರ್‌ಗಳ ಪೈಕಿ ಒಂದು ತಾಗಿ ಮುಂದಿನದು ತಾಗೋಕೆ ಎಷ್ಟು ಹೊತ್ತು ಹಿಡೀತು ಅನ್ನೋದರ ಮೇಲೆ ಹೊಡೆತದ ಜೋರು ಲೆಕ್ಕ ಆಗುತ್ತೆ. ಪಿ-45ರಲ್ಲಿ ಸೆನ್ಸರ್ ಎರಡು, ಎಫ್‌ಪಿ-10ರಲ್ಲಿ ಮೂರು. ಮೂರನೆಯದು ಇದ್ದರೆ ಕೀ ಪೂರ್ತಿ ಮೇಲೆ ಬರೋ ಮೊದಲೇ ಅದೇ ಸ್ವರ ಮತ್ತೆ ಹಿಡಿಯಬಹುದು. ನನ್ನ ಎರಡನೇ ‘ರಿ’ ನುಂಗಿಹೋಗದೆ ಬಂದದ್ದು ಎಫ್‌ಪಿ-10ರಲ್ಲಿ, ಅದನ್ನೇ ತಂದೆ. ಎಡಗಡೆ ಮಂದ್ರದ ಕೀ ಭಾರ, ಬಲಕ್ಕೆ ಹೋದಂತೆ ಹಗುರ. 12.3 ಕಿಲೋ ತೂಗುತ್ತೆ. ಮಹಡಿ ಹತ್ತಿಸೋಕೆ ಇನ್ನೊಬ್ಬರನ್ನ ಕರೀರಿ.

ಕಂಪ್ಯೂಟರಿಗೆ ಹಾಕೋಕೆ ಪ್ರಿಂಟರ್ ಕೇಬಲ್ ಸಾಕು. ಬ್ಲೂಟೂತ್ ಮಿಡಿ ಇದೆ, ರೆಕಾರ್ಡಿಂಗ್‌ಗೆ ಬೇಡ, ತಡ ಆಗುತ್ತೆ. ಸಾಫ್ಟ್‌ವೇರ್ ದನಿಯನ್ನ ಕೂಡಿಟ್ಟು ಕಳಿಸೋ ಬಫರನ್ನ 128 ಸ್ಯಾಂಪಲ್‌ಗೆ ಇಟ್ಟರೆ 44.1 ಕಿಲೋಹರ್ಟ್ಸ್‌ನಲ್ಲಿ ಅದರ ಪಾಲಿನ ತಡ ಸುಮಾರು 3 ಮಿಲಿಸೆಕೆಂಡ್, ಬೆರಳಿಗೆ ಗೊತ್ತೇ ಆಗಲ್ಲ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಫ್ಯಾನು. ಹಾರ್ಮೋನಿಯಂ ಮುಂದೆ ಮೈಕ್ ಇಟ್ಟರೆ ಏಪ್ರಿಲ್ ಬಿಸಿಲಲ್ಲೂ ಫ್ಯಾನ್ ಆರಿಸಿ ಬೇಯಬೇಕು. ಮಿಡಿಯಲ್ಲಿ ದಾಖಲಾಗೋದು ಯಾವ ಕೀ, ಎಷ್ಟು ಜೋರು, ಎಷ್ಟು ಹೊತ್ತು ಅನ್ನೋದಷ್ಟೇ. ಫ್ಯಾನ್ ಐದರಲ್ಲೇ ಇರಲಿ. ಹಾಡೋರು ಬಂದಾಗ ಆರಿಸಿದರಾಯ್ತು. ಅವರು ಬಂದು “ಸರ್, ಇವತ್ತು ಗಂಟಲು ಸರಿಯಿಲ್ಲ, ಅರ್ಧ ಮನೆ ಇಳಿಸಿ” (ಶ್ರುತಿ ಪಕ್ಕದ ಒಂದು ಕೀಯಷ್ಟು ತಗ್ಗಿಸಿ) ಅಂದರೂ ತಲೆನೋವಿಲ್ಲ, ರೆಕಾರ್ಡ್ ಆದ ಸ್ವರಗಳನ್ನೇ ಇಳಿಸಿಕೊಡಬಹುದು.

ಇಲ್ಲದೇ ಇರೋದನ್ನೂ ಹೇಳ್ಬೇಕು. ಪಿಚ್ ಬೆಂಡ್ ಚಕ್ರ ಇಲ್ಲ. ಕೊಳಲು, ಸಾರಂಗಿ ದನಿಗೆ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರಿಸೋದು) ಕೊಡೋಕೆ ಪಕ್ಕದಲ್ಲಿ 25 ಕೀಗಳ ಪುಟ್ಟ ಕಂಟ್ರೋಲರ್ ಇಟ್ಕೊಂಡಿದೀನಿ. ಆಂಪ್ಲಿಫೈಯರ್‌ಗೆ ದನಿ ಕಳಿಸೋ ಲೈನ್ ಔಟ್ ಇಲ್ಲ, ಇರೋದು ಹೆಡ್‌ಫೋನ್ ತೂತು ಮಾತ್ರ. ಆರ್ಕೆಸ್ಟ್ರಾದವರು ಇದನ್ನ ವೇದಿಕೆಗೆ ಹೊತ್ಕೊಂಡು ಹೋಗೋ ಯೋಚನೆ ಬಿಡಿ. ಯುಎಸ್‌ಬಿಯಲ್ಲಿ ಹೋಗೋದು ಮಿಡಿ ಮಾತ್ರ, ಒಳಗಿನ ಪಿಯಾನೋ ದನಿ ಹೋಗಲ್ಲ. ನಾದ ಉಳಿಸೋಕೆ ಜೊತೆಗೆ ಬರೋ ಪೆಡಲ್ ಒತ್ತಿದರೆ ಉಂಟು, ಬಿಟ್ಟರೆ ಇಲ್ಲ. ಅರ್ಧ ಒತ್ತಿ ಅರ್ಧ ನಾದ ಉಳಿಸೋ ಅರ್ಧ ಪೆಡಲ್ ಬೇಕಂದರೆ ರೋಲ್ಯಾಂಡ್‌ನದೇ ಡಿಪಿ-10 ಪೆಡಲ್ ಬೇರೆ ತಗೋಬೇಕು. ಹೆಡ್‌ಫೋನ್ ಹಾಕಿದರೂ ಕೀ ಬಡಿಯೋ ಧಪಧಪ ಕೆಳಗಿನ ಮನೆಗೆ ಕೇಳುತ್ತೆ. ಸ್ಟ್ಯಾಂಡಿನ ಕಾಲಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದ ಮೇಲೆ ಸುಮಾರಿಗೆ ತಗ್ಗಿತು.

ಆ ಸ್ಟ್ಯಾಂಡ್ ಕೂಡ ಕತ್ತರಿ ಕಾಲಿನದು ತಗೋಬೇಡಿ, ಎರಡೂ ಕೈಯಲ್ಲಿ ಜೋರು ನುಡಿಸಿದರೆ ಅಲ್ಲಾಡುತ್ತೆ. ನಾನು ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನದು ಮಾಡಿಸಿದೆ. ಕೀಬೋರ್ಡ್ ಅಗಲ 128 ಸೆಂಟಿಮೀಟರ್ ಚಿಲ್ಲರೆ, ಆಳ 26ರ ಹತ್ತಿರ. ನೆಲದಿಂದ ಬಿಳಿ ಕೀ ಮೇಲ್ಭಾಗಕ್ಕೆ 72-73 ಸೆಂಟಿಮೀಟರ್ ಬರೋ ಹಾಗೆ ಕಾಲು ಕತ್ತರಿಸೋಕೆ ಹೇಳಿ. ವೆಲ್ಡರ್‌ಗಳು ಸಾಮಾನ್ಯವಾಗಿ ಊಟದ ಟೇಬಲ್ ಲೆಕ್ಕದಲ್ಲಿ ಎತ್ತರ ಮಾಡಿಬಿಡ್ತಾರೆ, ಮುಂಚೆನೇ ಅಳತೆ ಬರೆದುಕೊಡಿ.