12 ಯೂರೋ ಪೆಟ್ಟಿಗೆಯಲ್ಲಿ ಇಬ್ಬರು ಗಾಬ್ಯಾಂ

ಇಲ್ಲಿ ಫ್ರಾನ್ಸಿನಲ್ಲಿ 'ವೀದ್ ಗ್ರೆನಿಯೇ' ಅಂತ ಒಂದು ಸಂತೆ ನಡೆಯುತ್ತದೆ. ಅಟ್ಟ ಖಾಲಿ ಮಾಡುವುದು ಅಂತ ಅದರ ಅರ್ಥ. ಭಾನುವಾರ ಬೆಳಿಗ್ಗೆ ಜನ ಬೀದಿಯಲ್ಲೇ ಮೇಜು ಹಾಕಿಕೊಂಡು ಹಳೇ ತಟ್ಟೆ, ಮಕ್ಕಳ ಶೂ, ಕೆಟ್ಟುಹೋದ ಕಾಫಿ ಮಷಿನ್ ಎಲ್ಲ ಮಾರುತ್ತಾರೆ. ನಾನಿರುವುದು ಪ್ಯಾರಿಸ್ಸಿನ ಉತ್ತರಕ್ಕೆ, ವಾಜ್ ನದಿ ದಡದ ಪಾರ್ಮ್ಯಾಂನಲ್ಲಿ. ಅಲ್ಲಿನ ಸಂತೆಯಲ್ಲಿ ಒಬ್ಬ ಅಜ್ಜಿಯ ಮೇಜಿನ ಮೇಲೆ ಈ ಪೆಟ್ಟಿಗೆ ಕಂಡಿತು. ಹಳೇ ಫ್ರೆಂಚ್ ನಟ ಜಾಂ ಗಾಬ್ಯಾಂ ನಟಿಸಿದ 7 ಸಿನಿಮಾ, 7 ಡಿವಿಡಿ, ಜೊತೆಗೆ ತೆಳ್ಳನೆಯ ಒಂದು ಪುಸ್ತಿಕೆ. ಅವರು ಹೇಳಿದ್ದು 15 ಯೂರೋ, ನಾನು ಕೊಟ್ಟಿದ್ದು 12.

ದುಡ್ಡು ಎಣಿಸಿಕೊಳ್ಳುತ್ತ ಅಜ್ಜಿ, "ಮೇರಿಯೆಲ್ ಹುಡುಗ ಅವನು, ಗೊತ್ತಾ ನಿಮಗೆ?" ಅಂದರು. ಗೊತ್ತಿರಲಿಲ್ಲ. ಮೇರಿಯೆಲ್ ಅಂದರೆ ನಾನು ಕೆಲಸಕ್ಕೆ ಹೋಗುವ ಎಚ್ ಲೈನ್ ರೈಲು ದಿನಾ ನಿಲ್ಲುವ ಸ್ಟೇಷನ್. ನಮ್ಮದಾದ ಮೇಲೆ ಎರಡನೆಯದು. ಒಂದು ದಿನವೂ ಅಲ್ಲಿ ಇಳಿದವನಲ್ಲ ನಾನು.

ಗಾಬ್ಯಾಂ ಹುಟ್ಟಿದ್ದು 1904ರಲ್ಲಿ, ಪ್ಯಾರಿಸ್ಸಿನಲ್ಲಿ. ಬೆಳೆದದ್ದು ಈ ಮೇರಿಯೆಲ್‌ನಲ್ಲಿ. ನಿಜವಾದ ಹೆಸರು ಮೊಂಕೊರ್ಜೆ. ಅಪ್ಪ ಅಮ್ಮ ಇಬ್ಬರೂ ಹಾಡುವ, ಕುಣಿಯುವ ರಂಗದವರು. 'ಗಾಬ್ಯಾಂ' ಅನ್ನುವುದು ಅಪ್ಪ ವೇದಿಕೆಗೆ ಇಟ್ಟುಕೊಂಡಿದ್ದ ಹೆಸರು. ಮಗನಿಗೆ ರಂಗ ಬೇಡವಾಗಿತ್ತು. ಮನೆ ಹತ್ತಿರವೇ ಹಳಿ ಇತ್ತಲ್ಲ, ಇಂಜಿನ್ ಓಡಿಸಬೇಕು ಅಂತ ಆಸೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ವಸ್ತುವಿನ ವಿಚಾರ. ನನ್ನ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಯುಎಸ್‌ಬಿಗೆ ಚುಚ್ಚುವ ಒಂದು ಡ್ರೈವ್ ತಂದೆ, 25 ಯೂರೋ. ಪೆಟ್ಟಿಗೆಗಿಂತ ಅದರ ಕೀಲಿಯೇ ದುಬಾರಿ! ರಟ್ಟಿನ ಮೂಲೆಗಳು ಸವೆದಿವೆ, ಅದು ಹಳೆ ಮಾಲಿನ ತಪ್ಪು. ಆದರೆ ಡಿಸ್ಕ್ ಕೂರಿಸುವ ಪ್ಲಾಸ್ಟಿಕ್ ಗುಬುಟು ಎಷ್ಟು ಬಿಗಿ ಅಂದರೆ, ತೆಗೆಯುವಾಗ ಪ್ರತಿ ಸಲವೂ ಡಿಸ್ಕ್ ಬಿಲ್ಲಿನ ಹಾಗೆ ಬಾಗುತ್ತದೆ. ಇದು ತಯಾರಿಸಿದವರದೇ ತಪ್ಪು. ಐದನೇ ಡಿಸ್ಕ್ 40ನೇ ನಿಮಿಷದಲ್ಲಿ ಒಮ್ಮೆ ನಿಂತುಹೋಗಿತ್ತು. ಬಟ್ಟೆಯಲ್ಲಿ ಒರೆಸಿದ ಮೇಲೆ ಸರಿಯಾಯಿತು.

ಇನ್ನೊಂದು, ಇದು ಯುರೋಪಿನ ಡಿವಿಡಿ. ಸೆಕೆಂಡಿಗೆ 24 ಚೌಕಟ್ಟಿನಲ್ಲಿ ತೆಗೆದ ಸಿನಿಮಾ ಇದರಲ್ಲಿ 25ರಲ್ಲಿ ಓಡುತ್ತದೆ. ಶೇ. 4ರಷ್ಟು ಬೇಗ. ಒಂದೂವರೆ ಗಂಟೆಯಲ್ಲಿ ಮೂರ‍್ನಾಲ್ಕು ನಿಮಿಷ ಮಾಯ. ಅದು ಹೋಗಲಿ, ಹೀಗೆ ಓಡಿಸಿದರೆ ಧ್ವನಿಯೂ ಸ್ವಲ್ಪ ಮೇಲೇರುತ್ತದೆ. ಬೇರೆ ನಟನಾದರೆ ಪರವಾಗಿಲ್ಲ. ಗಾಬ್ಯಾಂ ಅಂದರೆ ಅರ್ಧ ಪಾಲು ಧ್ವನಿಯೇ ಅಲ್ವಾ? ಆ ಗೊರಗೊರ ದನಿಯನ್ನು ಸರಿಯಾಗಿ ಕೇಳಬೇಕು ಅನ್ನುವವರು ಬ್ಲೂ-ರೇ ಹುಡುಕಿ.

ಸಬ್‌ಟೈಟಲ್ ಫ್ರೆಂಚಿನಲ್ಲಿ ಮಾತ್ರ. ಕಿವಿ ಕೇಳದವರಿಗೆಂದು ಮಾಡಿದ್ದು. ಮೊದಲು ಬೇಜಾರಾಯಿತು. ಎರಡನೇ ಸಿನಿಮಾ ಹೊತ್ತಿಗೆ ಇದಕ್ಕೇ 12 ಯೂರೋ ಕೊಡಬಹುದಿತ್ತು ಅನ್ನಿಸಿತು. ಅದರಲ್ಲಿ ಬಣ್ಣಗಳಿವೆ. ಮಾತಾಡುವವನು ತೆರೆಯ ಮೇಲಿದ್ದರೆ ಬಿಳಿ, ಆಚೆ ಇದ್ದರೆ ಹಳದಿ. ಬಾಗಿಲ ಸದ್ದು, ಗುಂಡಿನ ಸದ್ದು ಕೆಂಪು. ಬೇರೆ ಭಾಷೆಯ ಮಾತು ಹಸಿರು. ಎರಡು ವರ್ಷದಿಂದ ಸಂಜೆ ಕ್ಲಾಸಿಗೆ ಹೋಗಿ ಫ್ರೆಂಚ್ ಕಲಿಯುತ್ತಿದ್ದೇನೆ. ಕಿವಿಗೆ ಬಿದ್ದದ್ದನ್ನು ಕಣ್ಣಲ್ಲಿ ಹಿಡಿಯುವುದನ್ನು ಕಲಿಸಿದ್ದು ಮಾತ್ರ ಈ ಪೆಟ್ಟಿಗೆ.

ಒಂದು ಉದಾಹರಣೆ ಹೇಳಲೇಬೇಕು. ಮಾರ್ಸೆಲ್ ಕಾರ್ನೆಯ 'ಲ ಕೇ ದೆ ಬ್ರ್ಯೂಮ್', 1938. ಸೈನ್ಯ ಬಿಟ್ಟು ಓಡಿ ಲ ಆವ್ರ್ ಬಂದರಿಗೆ ಬರುವವನ ಕಥೆ. ಗಾಬ್ಯಾಂ ಮಿಶೆಲ್ ಮೊರ್ಗಾಂ ಮುಖ ನೋಡಿ, "ನಿನ್ನ ಕಣ್ಣು ಚೆಂದ ಇದೆ, ಗೊತ್ತಾ" ಅನ್ನುತ್ತಾನೆ. ಇಲ್ಲಿನವರು ಇವತ್ತಿಗೂ ಅಣಕಿಸಿ ಆಡುವ ಮಾತು. ಅದಕ್ಕೆ ಅವಳು "ಮುತ್ತು ಕೊಡಿ" ಅನ್ನುತ್ತಾಳೆ. ನೋಡಿ, ಅವನು ನೀನು ಅಂದಿದ್ದಾನೆ, ಅವಳು ನೀವು ಅಂದಿದ್ದಾಳೆ. ಮುತ್ತು ಕೇಳುತ್ತಿದ್ದಾಳೆ, ಬಹುವಚನ ಬಿಟ್ಟಿಲ್ಲ! ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ. ಕನ್ನಡದವರಿಗೆ ಬಿಡಿಸಿ ಹೇಳುವುದೇ ಬೇಡ. ಡಿಸ್ಕ್ ಹಿಂದೆ ಓಡಿಸಿ ಮೂರು ಸಲ ನೋಡಿದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ ವರ್ಷದ 'ಲಾ ಬೆತ್ ಯುಮೇನ್'. ಫ್ರೆಂಚ್ ಲೇಖಕ ಎಮಿಲ್ ಜೋಲಾನ ಕಾದಂಬರಿ, ನಿರ್ದೇಶನ ಜಾಂ ರೆನ್ವಾರ್. ಮೇರಿಯೆಲ್ ಹುಡುಗನಿಗೆ ಕೊನೆಗೂ ಇಂಜಿನ್ ಸಿಕ್ಕಿತು. ಪ್ಯಾರಿಸ್–ಲ ಆವ್ರ್ ಹಳಿಯ ಮೇಲೆ, ನಿಜವಾದ ಉಗಿಬಂಡಿ. ಓಡಿಸುವುದನ್ನು ಕಲಿತು ತಾನೇ ಓಡಿಸಿದ. ಶುರುವಿನ ಕೆಲವು ನಿಮಿಷ ಒಂದು ಮಾತೂ ಇಲ್ಲ. ಕುಲುಮೆಯ ಬೆಂಕಿ, ಸುರಂಗದ ಕತ್ತಲು, ಸೇತುವೆಯ ಕಂಬಿಗಳು ಸರಸರ ಹಿಂದೆ. ಆ ಗದ್ದಲದಲ್ಲಿ ಕೂಗಿದರೂ ಕೇಳದು ಅಂತ ಚಾಲಕ ಮತ್ತು ಕಲ್ಲಿದ್ದಲು ಹಾಕುವವನು ಕೈಸನ್ನೆಯಲ್ಲೇ ಮಾತಾಡುತ್ತಾರೆ. ಗಾಬ್ಯಾಂ ಕೈ ಸನ್ನೆಗೋಲಿನ ಮೇಲೆ ಕೂರುವ ರೀತಿ ನೋಡಿ, ನಟನೆ ಅಂತ ಅನ್ನಿಸುವುದೇ ಇಲ್ಲ. ಮರುದಿನ ಬೆಳಿಗ್ಗೆ ಮೇರಿಯೆಲ್‌ನಲ್ಲಿ ರೈಲು ನಿಂತಾಗ ನಾನು ಫೋನ್ ಕೆಳಗಿಟ್ಟು ಹೊರಗೆ ನೋಡುತ್ತ ಕೂತಿದ್ದೆ.

'ಪೆಪೆ ಲ ಮೊಕೊ' ಚೆನ್ನಾಗಿದೆ, ಚಿತ್ರ ಮಾತ್ರ ಮಸುಕು. 'ಲಾ ಗ್ರಾಂದ್ ಇಲ್ಯುಜಿಯೋಂ' ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಒಂದೇ ಮಾತು ಸೇರಿಸುತ್ತೇನೆ. ಅದರಲ್ಲಿ ಗಾಬ್ಯಾಂ ತೊಟ್ಟಿರುವುದು ನಿರ್ದೇಶಕ ರೆನ್ವಾರ್ ಮೊದಲ ಮಹಾಯುದ್ಧದಲ್ಲಿ ತಾನೇ ತೊಟ್ಟಿದ್ದ ಕೋಟು. 'ಲ ಜೂರ್ ಸ ಲೆವ್', 1939, ಬೆಳಗಾಗುತ್ತಿದೆ ಅಂತ ಅರ್ಥ. ಮೇಲಂತಸ್ತಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡ ಒಬ್ಬ ಕೊಲೆಗಾರ, ಕೆಳಗೆ ಪೊಲೀಸರು. ಒಂದು ರಾತ್ರಿಯ ಕಥೆ. ಈ ಐದೂ ಎರಡನೇ ಮಹಾಯುದ್ಧಕ್ಕೆ ಮುಂಚಿನವು. ಲೆಕ್ಕ ಹಾಕಿದೆ, ಐದರಲ್ಲಿ ನಾಲ್ಕರಲ್ಲಿ ನಮ್ಮವನು ಸಾಯುತ್ತಾನೆ. 80 ವರ್ಷ ದಾಟಿದ ಸಿನಿಮಾಗಳ ಕೊನೆ ಹೇಳಿಬಿಟ್ಟೆ ಅಂತ ಬೈಯಬೇಡಿ.

ಆರನೇ ಡಿಸ್ಕ್ ಹಾಕಿದರೆ 1954. ತೆರೆಯ ಮೇಲೆ ಬೇರೆಯೇ ಮನುಷ್ಯ. ಕೂದಲು ಬೆಳ್ಳಗಾಗಿದೆ, ಮೈ ದಪ್ಪ, ನಡಿಗೆ ನಿಧಾನ. ನಡುವೆ ಏನಾಯಿತು? ಪುಸ್ತಿಕೆಯನ್ನು ತಿರುವಿದೆ. 'ಯುದ್ಧದ ನಂತರ' ಅಂತ ಒಂದು ಸಾಲು ಬರೆದು ಮುಂದಿನ ಪುಟಕ್ಕೆ ಹಾರಿಬಿಟ್ಟಿದ್ದಾರೆ. ನನ್ನ ದೊಡ್ಡ ತಕರಾರು ಇದೇ. ಇವನ ಬದುಕಿನ ನಿಜವಾದ ಕಥೆ ಇರುವುದೇ ಆ ಹಾರಿದ ಜಾಗದಲ್ಲಿ.

ಜರ್ಮನ್ನರು ಫ್ರಾನ್ಸಿಗೆ ನುಗ್ಗಿದ ಮೇಲೆ, 1941ರಲ್ಲಿ, ಗಾಬ್ಯಾಂ ಹಾಲಿವುಡ್ಡಿಗೆ ಹೋದ. ಅಲ್ಲಿ ಎರಡೇ ಸಿನಿಮಾ ಮಾಡಿದ, ಎರಡೂ ಅವನಿಗೆ ಹೊಂದಲಿಲ್ಲ. ನಟಿ ಮಾರ್ಲೀನ್ ಡೀಟ್ರಿಚ್ ಜೊತೆ ಪ್ರೀತಿ ಇತ್ತು, ಸಂಬಳವಿತ್ತು, ಬಿಸಿಲಿತ್ತು. ಎಲ್ಲ ಬಿಟ್ಟು 1943ರಲ್ಲಿ, ಜರ್ಮನ್ನರ ವಿರುದ್ಧ ಹೋರಾಡುತ್ತಿದ್ದ ಜನರಲ್ ದ ಗೋಲ್‌ನ ಪಡೆ ಸೇರಿ ಅಲ್ಜಿಯರ್ಸಿಗೆ ಬಂದ. ಆಮೇಲೆ ಜನರಲ್ ಲಕ್ಲೆರ್ಕ್‌ನ ಎರಡನೇ ಕವಚ ದಳದಲ್ಲಿ ಒಂದು ಟ್ಯಾಂಕಿನ ನಾಯಕ. ವಯಸ್ಸು 40 ದಾಟಿತ್ತು. ಟ್ಯಾಂಕಿನ ಹೆಸರು 'ಸೂಫ್ಲರ್ 2'. ಜರ್ಮನಿಯೊಳಗೆ, ಹಿಟ್ಲರನ ಬೆಟ್ಟದ ಮನೆ ಇದ್ದ ಬೆರ್ಚ್ಟೆಸ್‌ಗಾಡೆನ್‌ವರೆಗೂ ಹೋಗಿ ಬಂದ. ಎರಡು ಪದಕ ಬಂದವು, ಕ್ರ್ವಾ ದ ಗೇರ್ ಮತ್ತು ಮೆದಾಯ್ ಮಿಲಿತೇರ್.

ವಾಪಸ್ ಬಂದರೆ ಜನ ಆ ಹಳೇ ಹೊಂಬಣ್ಣದ ಕೂದಲಿನ ಹುಡುಗನನ್ನೇ ಕಾಯುತ್ತಿದ್ದರು. ಡೀಟ್ರಿಚ್ ಜೊತೆ 1946ರಲ್ಲಿ ಮಾಡಿದ ಸಿನಿಮಾ ಬಿದ್ದುಹೋಯಿತು. ಸಾಲಾಗಿ ಏಳೆಂಟು ವರ್ಷ ಹಾಗೇ ಕಳೆಯಿತು. ಈ ಕಾಲದ ಒಂದು ಸಿನಿಮಾನೂ ಪೆಟ್ಟಿಗೆಯಲ್ಲಿಲ್ಲ. ಹಕ್ಕು ಬೇರೆ ಬೇರೆ ಕಂಪನಿಗಳ ಹತ್ತಿರ ಇರುತ್ತವೆ, ಒಪ್ಪುತ್ತೇನೆ. ಸಿನಿಮಾ ಸಿಗದಿದ್ದರೆ ಬೇಡ, ಎರಡು ಪುಟ ಬರೆಯುವುದಕ್ಕೆ ಯಾರ ಹಕ್ಕು ಬೇಕಿತ್ತು?

ಆ ಆರನೇ ಡಿಸ್ಕ್ ಜಾಕ್ ಬೆಕರ್‌ನ 'ತೂಶೆ ಪಾ ಓ ಗ್ರಿಸ್ಬಿ'. ಗ್ರಿಸ್ಬಿ ಅಂದರೆ ಕಳ್ಳರ ಭಾಷೆಯಲ್ಲಿ ದುಡ್ಡು. ಮೂಲ ಕಾದಂಬರಿಯ ಕೊನೆಯಲ್ಲಿ ಫ್ರೆಂಚರಿಗೇ ಅರ್ಥವಾಗಲಿ ಅಂತ ಪದಗಳ ಪಟ್ಟಿ ಹಾಕಿದ್ದರಂತೆ. ಅಂಥ ಸಿನಿಮಾಗೇ ಈ ಪೆಟ್ಟಿಗೆಯಲ್ಲಿ ಸಬ್‌ಟೈಟಲ್ ಇಲ್ಲ! ಉಳಿದ ಆರಕ್ಕೂ ಇದೆ, ಇದಕ್ಕಿಲ್ಲ. ಮಾತು ಮೂರರಲ್ಲಿ ಒಂದು ಪಾಲು ಅರ್ಥವಾಗಿರಬಹುದು, ಅಷ್ಟೆ.

ಆದರೂ ಒಂದು ದೃಶ್ಯಕ್ಕೆ ಮಾತೇ ಬೇಡ. ಬಂಗಾರ ಕದ್ದ ಇಬ್ಬರು ಹಳೇ ಸ್ನೇಹಿತರು ರಾತ್ರಿ ಒಂದು ಗುಟ್ಟಿನ ಮನೆಗೆ ಬರುತ್ತಾರೆ. ಗಾಬ್ಯಾಂ ಮೇಜಿನ ಮೇಲೆ ರಸ್ಕು, ಅದಕ್ಕೆ ಸವರುವ ಮಾಂಸದ ಪಾಟೆ, ವೈನ್ ಇಡುತ್ತಾನೆ. ತಿಂದಾದ ಮೇಲೆ ಬೀರು ತೆರೆದು ಗೆಳೆಯನಿಗೆ ಪೈಜಾಮ, ಹೊಸ ಹಲ್ಲುಜ್ಜುವ ಬ್ರಷ್ ಕೊಡುತ್ತಾನೆ. ಗ್ಯಾಂಗ್‌ಸ್ಟರ್‌ಗಳು ಹಲ್ಲುಜ್ಜುತ್ತಾರೆ! ಗೆಳೆಯ ಕನ್ನಡಿಯಲ್ಲಿ ತನ್ನ ಕಣ್ಣಿನ ಕೆಳಗಿನ ಚೀಲ ನೋಡಿಕೊಳ್ಳುತ್ತಾನೆ. ಟ್ಯಾಂಕಿನಿಂದ ಇಳಿದು ಬಂದವನಿಗೆ ಸರಿಯಾದ ಪಾತ್ರ ಸಿಗಲು 1954 ಬೇಕಾಯಿತು. ಆ ವರ್ಷ ವೆನಿಸ್‌ನಲ್ಲಿ ಉತ್ತಮ ನಟ ಪ್ರಶಸ್ತಿಯೂ ಬಂತು. ಎದುರಾಳಿಯಾಗಿ ಬರುವ ಲೀನೋ ವೆಂತುರಾಗೆ ಇದು ಮೊದಲ ಸಿನಿಮಾ. ಅದಕ್ಕೆ ಮುಂಚೆ ಕುಸ್ತಿಪಟು.

ಏಳನೆಯದು 'ಲ ಶಾ', 1971. ಸಿಮೋನ್ ಸಿನ್ಯೊರೆ ಜೊತೆ. ಒಂದೇ ಮನೆಯಲ್ಲಿ ಮಾತು ಬಿಟ್ಟು ಬದುಕುವ ಮುದಿ ಗಂಡ ಹೆಂಡತಿ, ಸುತ್ತ ಮನೆಗಳನ್ನು ಕೆಡವುತ್ತಿದ್ದಾರೆ. ಇಬ್ಬರಿಗೂ ಬರ್ಲಿನ್‌ನಲ್ಲಿ ಪ್ರಶಸ್ತಿ ಬಂತು. ಒಳ್ಳೆಯದೇ, ಆದರೆ ಭಾನುವಾರ ಸಂಜೆ ನೋಡಬೇಡಿ. ನಾನು ನೋಡಿ ಕೆಟ್ಟೆ. ಇದಾಗಿ ಐದು ವರ್ಷಕ್ಕೆ, 1976ರ ನವೆಂಬರಿನಲ್ಲಿ, ಗಾಬ್ಯಾಂ ತೀರಿಕೊಂಡ. ನೌಕಾಪಡೆಯ ಹಡಗಿನಲ್ಲಿ ಬೂದಿಯನ್ನು ಒಯ್ದು ಬ್ರೆಸ್ತ್ ಹತ್ತಿರ ಸಮುದ್ರಕ್ಕೆ ಬಿಟ್ಟರು. ಮೇರಿಯೆಲ್‌ನಲ್ಲಿ ಸಮಾಧಿ ಇರಬಹುದು ಅಂದುಕೊಂಡಿದ್ದೆ, ಹಾಗಾಗಿ ಅದೂ ಇಲ್ಲ.

5ಕ್ಕೆ 3.5 ಕೊಡುತ್ತೇನೆ. ಫ್ರೆಂಚ್ ಸ್ವಲ್ಪ ಬಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ಹೊಸದಕ್ಕೆ ಪೂರ್ತಿ ಬೆಲೆ ಕೊಡಬೇಡಿ. ಫ್ರೆಂಚ್ ಬಾರದಿದ್ದರೆ ಸುಮ್ನೆ ದುಡ್ಡು ದಂಡ.

ಈಗ ನಾನು ಹುಡುಕುತ್ತಿರುವುದು 1949ರ 'ಓ ದ್ಲಾ ದೆ ಗ್ರಿಯ್'. ಆ ಖಾಲಿ ಜಾಗದಲ್ಲಿ ಬರುವ ಸಿನಿಮಾ. ತಲೆಮರೆಸಿಕೊಂಡ ಒಬ್ಬ ಹಲ್ಲುನೋವು ತಾಳಲಾರದೆ ಜಿನೋವಾ ಬಂದರಿನಲ್ಲಿ ಹಡಗಿಂದ ಇಳಿಯುತ್ತಾನೆ. ಆಸ್ಕರ್ ಕೂಡ ಬಂದಿದೆ ಅದಕ್ಕೆ. ಮೊನ್ನೆ ಮತ್ತೆ ಸಂತೆಗೆ ಹೋಗಿದ್ದಾಗ ಅದೇ ಅಜ್ಜಿಯನ್ನು ಕೇಳಿದೆ. ಅಟ್ಟದಲ್ಲಿ ಇನ್ನೂ ಎರಡು ರಟ್ಟಿನ ಡಬ್ಬ ಇವೆಯಂತೆ, ಮುಂದಿನ ಸಲ ತರುತ್ತೇನೆ ಅಂದರು.